130 ಎಂಎಂ ಗನ್ ಮತ್ತು ನಮ್ಮ ದಳ: ನನ್ನ ಅನುಭವ

ಗುಂಡು ಹಾರಿಸಲು ಸಿದ್ಧವಾಗಿ ನಿಂತ ಎಂ-46 ಗನ್ನಿನ ತೂಕ 7.7 ಟನ್. ಲಾರಿಯಿಂದ ಬಿಚ್ಚಿದ ಮೇಲೆ ಅದನ್ನು ಅಲುಗಾಡಿಸಲು ಎಂಜಿನ್ ಇಲ್ಲ; ಎಂಟು ಒಂಬತ್ತು ಜನರ ತೋಳು, ಹೆಗಲು ಮತ್ತು ಒಂದೇ ಉಸಿರಿನ ಕೂಗು, ಅಷ್ಟೇ. ಸೋವಿಯತ್ ಒಕ್ಕೂಟ ಈ 130 ಎಂಎಂ ಗನ್ನನ್ನು ಜಗತ್ತಿಗೆ ಮೊದಲು ತೋರಿಸಿದ್ದು 1954ರ ಮೇ ದಿನದ ಮೆರವಣಿಗೆಯಲ್ಲಿ. 33.4 ಕಿಲೋ ತೂಕದ ಶೆಲ್ ಸೆಕೆಂಡಿಗೆ 930 ಮೀಟರ್ ವೇಗದಲ್ಲಿ ಹೊರಟು 27 ಕಿಲೋಮೀಟರ್ ದೂರ ಮುಟ್ಟುತ್ತದೆ. ಆ ಕಾಲಕ್ಕೆ ಇದು ದೊಡ್ಡ ಮಾತು. 1972ರಲ್ಲಿ ಉತ್ತರ ವಿಯೆಟ್ನಾಂ ಸೇನೆ ದಕ್ಷಿಣ ವಿಯೆಟ್ನಾಮಿನ ಕ್ವಾಂಗ್ ತ್ರಿಯ ಮೇಲೆ ಇದೇ ಗನ್ ತಿರುಗಿಸಿದಾಗ, ಎದುರಿನ ಅಮೆರಿಕನ್ ನಿರ್ಮಿತ 105 ಮತ್ತು 155 ಎಂಎಂ ಹವಿಟ್ಜರ್‌ಗಳು ಅಷ್ಟು ದೂರ ತಲುಪಲಾರದೆ ಹೋದವು. ಅದಕ್ಕೂ ಹಿಂದಿನ ವರ್ಷ, 1971ರ ಯುದ್ಧದಲ್ಲಿ, ನಮ್ಮ ಸೇನೆ ಇದನ್ನು ಬಳಸಿತ್ತು. ಈ ಗನ್‌ಗಳನ್ನು ನಡೆಸುವ ಮೀಡಿಯಂ ರೆಜಿಮೆಂಟಿಗೆ ನಾನು ಸೇರಿದಾಗ ಗನ್ನಿನ ವಯಸ್ಸು ನನಗಿಂತ ಹೆಚ್ಚು. ಮದ್ದುಗುಂಡು ಹೊರುವವನಾಗಿ ಶುರು ಮಾಡಿ, ಗನ್ನನ್ನು ಗುರಿಗೆ ಹಿಡಿಯುವ ಲೇಯರ್ ಆಗಿ, ಕೊನೆಗೆ ದಳವನ್ನು ನಡೆಸುವ ನಂಬರ್ ಒನ್ ಹವಿಲ್ದಾರನಾಗಿ ಇದರೊಂದಿಗೆ ಬದುಕಿದೆ.

ಗನ್ ಪೊಸಿಷನ್ ತಲುಪಿದ ಕೂಡಲೇ ನಾನು ನೋಡುತ್ತಿದ್ದುದು ನೆಲವನ್ನು. ಶತ್ರುವಿನ ದಿಕ್ಕು, ದೂರ, ಲೆಕ್ಕ ಎಲ್ಲವನ್ನೂ ಗನ್ ಪೊಸಿಷನ್ ಆಫೀಸರ್ ನೋಡಿಕೊಳ್ಳುತ್ತಾರೆ; ನೆಲ ಮಾತ್ರ ನಂಬರ್ ಒನ್‌ನ ಜವಾಬ್ದಾರಿ. ಸಾಗಿಸುವಾಗ ಇದರ ಉದ್ದನೆಯ ಬ್ಯಾರೆಲನ್ನು ಹಿಂದಕ್ಕೆ ಎಳೆದು ಟ್ರೇಲ್‌ಗಳ, ಅಂದರೆ ಗನ್ನಿನ ಹಿಂದಿನ ಎರಡು ಉದ್ದ ಕಾಲುಗಳ, ಮೇಲೆ ಕೂರಿಸಿರುತ್ತಾರೆ. ಅದನ್ನು ಮುಂದಕ್ಕೆ ತಂದು, ಗುಂಡಿನ ಹಿಂದೊದೆತ ತಾಳುವ ರಿಕಾಯಿಲ್ ವ್ಯವಸ್ಥೆಗೆ ಜೋಡಿಸಬೇಕು, ಹಿಂದಿನ ಎರಡು ಗಾಲಿಯ ಲಿಂಬರ್ ಬಂಡಿ ಕಳಚಬೇಕು, ಟ್ರೇಲ್‌ಗಳನ್ನು ಎರಡು ಕಡೆಗೆ ಅಗಲಿಸಬೇಕು, ಅವುಗಳ ತುದಿಯ ಸಲಿಕೆಯಂಥ ಸ್ಪೇಡ್‌ಗಳನ್ನು ನೆಲಕ್ಕೆ ಹೂಳಬೇಕು. ಪುಸ್ತಕದ ಪ್ರಕಾರ ಇದಕ್ಕೆ ಸುಮಾರು ನಾಲ್ಕು ನಿಮಿಷ ಸಾಕು. ಒಳ್ಳೆಯ ನೆಲದಲ್ಲಿ, ಪಳಗಿದ ದಳಕ್ಕೆ ಅದು ನಿಜ. ರಾಜಸ್ಥಾನದ ಸಡಿಲ ಮರಳಿನಲ್ಲಿ ಸ್ಪೇಡ್ ಹಿಡಿತ ಕೊಡುವುದಿಲ್ಲ. ಹಿಂದೆ ಮರದ ದಿಮ್ಮಿ, ಮರಳು ಚೀಲ ಒತ್ತಬೇಕು. ಲಡಾಖಿನ ಕಲ್ಲು ನೆಲದಲ್ಲಿ ಗುದ್ದಲಿಯೇ ಇಳಿಯುವುದಿಲ್ಲ. ಸ್ಪೇಡ್ ಸರಿಯಾಗಿ ಕೂರದಿದ್ದರೆ ಮೊದಲ ಗುಂಡಿಗೇ ಗನ್ ಹಿಂದಕ್ಕೆ ಸರಿದು ಓರೆಯಾಗುತ್ತದೆ. ಹಾಗಾಗಿ ಮೊದಲ ಒಂದೆರಡು ಗುಂಡು ಹಾರಿದ ಮೇಲೆ, ಯಾರೂ ಕೇಳದಿದ್ದರೂ, ಲೇಯರ್ ತನ್ನ ಗುರಿಯನ್ನು ಮತ್ತೆ ಪರೀಕ್ಷಿಸಲೇಬೇಕು ಎಂಬುದು ನನ್ನ ದಳದ ನಿಯಮವಾಗಿತ್ತು.

ಲೇಯರ್‌ನ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸೋವಿಯತ್ ಸೈಟ್‌ಗಳಲ್ಲಿ, ಅಂದರೆ ಗುರಿ ಹಿಡಿಯುವ ಸಾಧನಗಳಲ್ಲಿ, ಪೂರ್ಣ ವೃತ್ತವನ್ನು 6000 ಭಾಗ ಮಾಡಿರುತ್ತಾರೆ. ಪಾಶ್ಚಾತ್ಯ ಪದ್ಧತಿಯಲ್ಲಿ 6400. ಎರಡಕ್ಕೂ ಮಿಲ್ ಎಂದೇ ಹೆಸರು. ಬೇರೆ ಗನ್‌ನಲ್ಲಿ ತರಬೇತಾದ ಹುಡುಗ ನಮ್ಮಲ್ಲಿಗೆ ಬಂದರೆ ಮೊದಲ ವಾರವೆಲ್ಲ ಸೈಟಿನ ಮುಂದೆಯೇ ಕೂರಿಸುತ್ತಿದ್ದೆ. ನಮ್ಮ ಸೈಟಿನ ಒಂದು ಮಿಲ್ ತಪ್ಪಿದರೆ 25 ಕಿಲೋಮೀಟರ್ ದೂರದಲ್ಲಿ ಶೆಲ್ ಸುಮಾರು 26 ಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಲ್ಲಿ ನಮ್ಮದೇ ಪದಾತಿದಳದ ಹುಡುಗರು ಬೆಟ್ಟ ಹತ್ತುತ್ತಿರಬಹುದು. "ನಿನ್ನ ಬೆರಳಿನ ಕೆಳಗೆ ಒಬ್ಬನ ಪ್ರಾಣ ಇದೆ ಅಂತ ತಿಳಿದುಕೊಂಡು ಆ ಗುಂಡಿ ತಿರುಗಿಸಪ್ಪಾ" ಎಂದು ನನಗೆ ಕಲಿಸಿದ ಉಸ್ತಾದರು ಹೇಳುತ್ತಿದ್ದರು. ಅವರು ಧಾರವಾಡ ಕಡೆಯವರು. ದೇವಳಾಲಿಯ ಫಿರಂಗಿ ಶಾಲೆಯಲ್ಲಿ ಕಲಿತದ್ದನ್ನೆಲ್ಲ ಕನ್ನಡದ ಹುಡುಗರಿಗೆ ಕನ್ನಡದಲ್ಲೇ ಇನ್ನೊಮ್ಮೆ ಬಿಡಿಸಿ ಹೇಳುತ್ತಿದ್ದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಮದ್ದುಗುಂಡಿನ ಜಾಗದಲ್ಲಿಯೂ ಅಷ್ಟೇ ಶ್ರದ್ಧೆ ಬೇಕು. ಈ ಗನ್ನಿನಲ್ಲಿ ಶೆಲ್ ಬೇರೆ, ಮದ್ದು ತುಂಬಿದ ಹಿತ್ತಾಳೆಯ ಕೇಸ್ ಬೇರೆ. ಮೊದಲು ಶೆಲ್ಲನ್ನು ಕೋಲಿನಿಂದ ಗಟ್ಟಿಯಾಗಿ ನೂಕಿ ಕೂರಿಸಬೇಕು, ಆಮೇಲೆ ಕೇಸ್. ಪ್ರತಿ ಶೆಲ್‌ನ ಮೈಮೇಲೆ ಕೂಡು ಅಥವಾ ಕಳೆ ಚಿಹ್ನೆ ಬರೆದಿರುತ್ತದೆ. ನಿಗದಿತ ತೂಕಕ್ಕಿಂತ ಅದು ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ಆ ಚಿಹ್ನೆಗಳು ಹೇಳುತ್ತವೆ. ಒಂದು ಗುರಿಗೆ ಒಂದೇ ಚಿಹ್ನೆಯ ಶೆಲ್‌ಗಳನ್ನು ಮಾತ್ರ ಕೊಡಬೇಕು ಎಂದು ನಾವು ರಾತ್ರಿಯೇ ಅವುಗಳನ್ನು ವಿಂಗಡಿಸಿ ಬೇರೆ ಬೇರೆ ಸಾಲು ಮಾಡುತ್ತಿದ್ದೆವು. ಕೇಸ್‌ಗಳನ್ನು ಬಿಸಿಲಿಗೆ ಬಿಡುತ್ತಿರಲಿಲ್ಲ. ಮದ್ದು ಬಿಸಿಯಾದರೆ ಶೆಲ್‌ನ ವೇಗ ಹೆಚ್ಚುತ್ತದೆ, ಗುರಿ ದಾಟಿ ಬೀಳುತ್ತದೆ. ಮರುಭೂಮಿಯಲ್ಲಿ ಮೇಲಿನ ಸಾಲಿನ ಕೇಸ್‌ಗೂ ಕೆಳಗಿನದಕ್ಕೂ ಬಿಸಿಯಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ ಎಂಬುದು ಕೈ ಇಟ್ಟವನಿಗೇ ಗೊತ್ತು. ಮದ್ದಿನ ತಾಪಮಾನ ಅಳೆದು ಲೆಕ್ಕದವರಿಗೆ ಕಳುಹಿಸುವುದನ್ನು ಕೆಲವು ದಳಗಳು ಕಾಟಾಚಾರದ ಕೆಲಸವೆಂದು ಭಾವಿಸಿದ್ದವು. ನನಗೆ ಅದು ಎಂದೂ ಹಾಗೆ ಕಾಣಲಿಲ್ಲ. ಪೂರ್ತಿ ಮದ್ದನ್ನು ಅಗತ್ಯವಿದ್ದಾಗ ಮಾತ್ರ ಬಳಸುತ್ತಿದ್ದೆವು. ಅಷ್ಟು ವೇಗಕ್ಕೆ ಬ್ಯಾರೆಲ್ ಒಳಗಿನಿಂದ ಬೇಗ ಸವೆಯುತ್ತದೆ, ಸವೆದ ಬ್ಯಾರೆಲ್‌ನ ಶೆಲ್ ಹತ್ತಿರ ಬೀಳುತ್ತದೆ.

1999ರಲ್ಲಿ ದ್ರಾಸ್ ಕಡೆಗೆ ಹೋದಾಗ ಗನ್ನಿನ ಶಕ್ತಿಯೂ ಮಿತಿಯೂ ಒಟ್ಟಿಗೆ ಕಂಡವು. ಕಾರ್ಗಿಲ್ ಎಂದರೆ ಜನರಿಗೆ ಬೋಫೋರ್ಸ್ ನೆನಪಾಗುತ್ತದೆ, ಅದು ನ್ಯಾಯವೇ. ಆದರೆ ಅಲ್ಲಿ 105 ಎಂಎಂ, ನಮ್ಮ 130 ಎಂಎಂ, 160 ಎಂಎಂ ಮಾರ್ಟರ್, ಗ್ರಾಡ್ ರಾಕೆಟ್‌ಗಳು ಎಲ್ಲವೂ ಇದ್ದವು. ದ್ರಾಸ್ ಊರೇ 3,000 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು, ಶೆಲ್‌ಗೆ ತಡೆ ಕಡಿಮೆ, ಕೆಳನಾಡಿನ ಕೋಷ್ಟಕ ಹೇಳುವುದಕ್ಕಿಂತ ಅದು ಮುಂದೆ ಹೋಗುತ್ತದೆ. ಅದಕ್ಕೆ ತಕ್ಕ ತಿದ್ದುಪಡಿ ಇಲ್ಲದೆ ಹಾರಿಸುವಂತಿಲ್ಲ. ದೊಡ್ಡ ತೊಡಕು ಬೇರೆಯೇ ಇತ್ತು. ಬೋಫೋರ್ಸ್ ತನ್ನ ಬ್ಯಾರೆಲನ್ನು 70 ಡಿಗ್ರಿಯವರೆಗೆ ಎತ್ತಬಲ್ಲದು. ಎಂ-46 ಏಳುವುದು 45 ಡಿಗ್ರಿಗೆ. ವೇಗವೂ ಹೆಚ್ಚಾದ್ದರಿಂದ ಶೆಲ್ ಚಪ್ಪಟೆಯಾದ ಹಾದಿಯಲ್ಲಿ ಹೋಗುತ್ತದೆ. ನಮ್ಮ ಮುಂದಿನ ಶಿಖರವನ್ನು ದಾಟಬೇಕು, ಆದರೆ ಶತ್ರು ಇರುವುದು ಇನ್ನೊಂದು ಶಿಖರದ ಹಿಂದಿನ ಇಳಿಜಾರಿನಲ್ಲಿ. ಅಲ್ಲಿ ಮದ್ದು ಕಡಿಮೆ ಮಾಡಿ ಶೆಲ್‌ನ ಹಾದಿಯನ್ನು ಬಾಗಿಸುವುದೊಂದೇ ದಾರಿ. ಅದೂ ಆಗದ ಗುರಿಗಳನ್ನು ಬೇರೆ ಗನ್‌ಗಳಿಗೆ ಬಿಟ್ಟು, ನಾವು ಕಣಿವೆಯ ಆಚೆಗಿನ ದೂರದ ಗುರಿಗಳನ್ನೂ ನಮಗೆ ಎದುರಾಗಿರುವ ಇಳಿಜಾರುಗಳನ್ನೂ ಹಿಡಿದುಕೊಂಡೆವು. ದ್ರಾಸ್‌ನ ಶಿಖರ ಪಾಯಿಂಟ್ 5140ಕ್ಕೆ 2022ರಲ್ಲಿ ಗನ್ ಹಿಲ್ ಎಂದು ಹೆಸರಿಟ್ಟ ಸುದ್ದಿ ಓದಿದ ದಿನ ಹಳೆಯ ಒಡನಾಡಿಗಳಿಗೆಲ್ಲ ಫೋನ್ ಮಾಡಿದೆ. ಮಾತಿಗಿಂತ ಬಿಕ್ಕುವುದೇ ಹೆಚ್ಚಾಯಿತು.

ಆಗ ಶತ್ರುವಿನ ಬಳಿ ನಮ್ಮ ಗನ್‌ಗಳ ಜಾಗ ಹಿಡಿಯುವ ರೇಡಾರ್ ಇತ್ತು, ನಮ್ಮ ಬಳಿ ಇರಲಿಲ್ಲ. ಕಾರ್ಗಿಲ್ ಆದ ಮೇಲೆ ಅಮೆರಿಕದಿಂದ ಅಂಥ ರೇಡಾರ್‌ಗಳು ಬಂದವು. ಮುಂದೆ ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿ ಬಿಇಎಲ್ ತಯಾರಿಸಿದ ಸ್ವಾತಿ ರೇಡಾರ್ ಬಂತು. ಹಾರುವ ಶೆಲ್ಲನ್ನು ಆಕಾಶದಲ್ಲಿ ಹಿಡಿದು, ಅದರ ಹಾದಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ಹಾರಿಸಿದ ಗನ್ ಎಲ್ಲಿದೆ ಎಂದು ಅದು ಹೇಳುತ್ತದೆ. ಎದುರಾಳಿಯ ರೇಡಾರ್ ಮಾಡುವುದೂ ಇದನ್ನೇ. ಎಂ-46ರ ಚಪ್ಪಟೆ ಹಾದಿಯಿಂದ ಒಂದಿಷ್ಟು ಅನುಕೂಲವಿದೆ: ಶೆಲ್ ರೇಡಾರ್‌ನ ಕಣ್ಣಿಗೆ ಬೀಳುವ ಹೊತ್ತು ಕಡಿಮೆ. ಆದರೆ ಹಿಂದೊದೆತ ತಗ್ಗಿಸಲು ಇದರ ಬಾಯಿಗೆ ಇರುವ ಮಝಲ್ ಬ್ರೇಕ್ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ಚೆಲ್ಲುವುದರಿಂದ ಎದ್ದ ಧೂಳು ಬಹಳ ದೂರಕ್ಕೆ ಕಾಣುತ್ತದೆ. ಮರುಭೂಮಿಯಲ್ಲಿ ಗನ್ನಿನ ಮುಂದೆ ನೀರು ಚಿಮುಕಿಸುತ್ತಿದ್ದೆವು.

ನಂಬರ್ ಒನ್ ಆದ ಮೇಲೆ ನಾನು ಹೆಚ್ಚು ಹೊತ್ತು ಮಾಡಿಸಿದ ಡ್ರಿಲ್ ಗುಂಡು ಹಾರಿಸುವುದರದ್ದಲ್ಲ, ಹಾರಿಸಿದ ಮೇಲೆ ಹೊರಡುವುದರದ್ದು. ಹೂತ ಸ್ಪೇಡ್ ಕಿತ್ತು, ಟ್ರೇಲ್ ಜೋಡಿಸಿ, ಬ್ಯಾರೆಲ್ ಹಿಂದಕ್ಕೆಳೆದು, ಲಾರಿಗೆ ಸಿಕ್ಕಿಸುವುದು. ಹಲವು ಗುಂಡುಗಳ ಹೊಡೆತ ತಿಂದ ಸ್ಪೇಡ್ ಮಣ್ಣಿನೊಳಗೆ ಎಷ್ಟು ಬಿಗಿಯುತ್ತದೆ ಎಂದರೆ, ಹಾರಿಸದೆ ಮಾಡಿದ ಅಭ್ಯಾಸಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ಫೈರಿಂಗ್ ರೇಂಜಿನಲ್ಲಿ ಕೊನೆಯ ಗುಂಡು ಹಾರಿದ ಕ್ಷಣದಿಂದಲೇ ಗಡಿಯಾರ ಹಿಡಿಯುತ್ತಿದ್ದೆ. ದಣಿದ ಹುಡುಗರು ಗೊಣಗುತ್ತಿದ್ದರು. ನಾನು ಬಿಡುತ್ತಿರಲಿಲ್ಲ.

ಇಂದು ಉಕ್ರೇನಿನಿಂದ ಬರುವ ಚಿತ್ರಗಳನ್ನು ನೋಡುವಾಗ ಕಣ್ಣು ಮೊದಲು ಹುಡುಕುವುದು ಎಳೆದೊಯ್ಯುವ ಗನ್‌ಗಳನ್ನೇ. ಕ್ರೊವೇಷಿಯಾ ಕೊಟ್ಟ ಎಂ-46ಗಳು ಅಲ್ಲಿವೆ, ಅದಕ್ಕಿಂತ ಹೆಚ್ಚಾಗಿ 122 ಎಂಎಂನ ಡಿ-30 ಇದೆ. ರಷ್ಯಾದ ಲ್ಯಾನ್ಸೆಟ್‌ನಂಥ ಡ್ರೋನ್‌ಗಳು ಗನ್ನನ್ನು ಹುಡುಕಿ ಬಂದು ಬಡಿಯುತ್ತವೆ. ಓಡುವುದಕ್ಕೆ ಸಮಯ ಸಾಲದೆಂದು ಅಲ್ಲಿಯವರು ಮರಗಳ ಸಾಲಿನೊಳಗೆ ಗುಂಡಿ ತೋಡಿ, ಮೇಲೆ ಬಲೆ ಕಟ್ಟಿ, ಒಂದೊಂದೇ ಗನ್ನನ್ನು ದೂರ ದೂರ ಇಟ್ಟು ಹಾರಿಸುತ್ತಾರೆ. ನಾವು ಆರು ಗನ್‌ಗಳ ತುಕಡಿಯಾದ ಬ್ಯಾಟರಿಯನ್ನು ಒಂದೇ ಕಡೆ ನಿಲ್ಲಿಸಿ ಅಭ್ಯಾಸ ಮಾಡಿದವರು. ಆ ಪದ್ಧತಿಗೆ ಡ್ರೋನ್ ಇರುವ ರಣರಂಗದಲ್ಲಿ ಜಾಗವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಎಳೆಯುವ ಗನ್ನಿನ ಕಾಲ ಮುಗಿಯಿತು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅದರಲ್ಲಿ ಕೆಡುವ ಎಂಜಿನ್ ಇಲ್ಲ, ಮಣ್ಣಿನೊಳಗೆ ಅದು ತಗ್ಗಾಗಿ ಅಡಗುತ್ತದೆ, ಗುಂಡು ಸಿಗುತ್ತಿರುವಷ್ಟು ಕಾಲ ಹಾರಿಸುತ್ತಲೇ ಇರುತ್ತದೆ.

ನಮ್ಮ ಹಳೆಯ ಎಂ-46ಗಳಲ್ಲಿ ಕೆಲವಕ್ಕೆ ಈಗ 155 ಎಂಎಂ ಬ್ಯಾರೆಲ್ ಬಂದಿದೆ. 300 ಗನ್‌ಗಳನ್ನು ಹೀಗೆ ಬದಲಿಸುವ ಒಪ್ಪಂದ 2018ರಲ್ಲಾಯಿತು. ಹೊಸ ರೂಪದ ಹೆಸರು ಶಾರಂಗ್. ದೂರ 36 ಕಿಲೋಮೀಟರ್ ದಾಟಿದೆ, ಬೋಫೋರ್ಸ್ ಮತ್ತು ದೇಶದಲ್ಲೇ ತಯಾರಾದ ಧನುಷ್ ಗನ್‌ಗೆ ಕೊಡುವ 155 ಎಂಎಂ ಶೆಲ್‌ಗಳೇ ಇದಕ್ಕೂ ಸಾಕು, ಸರಬರಾಜಿನವರ ಅರ್ಧ ತಲೆನೋವು ಕಡಿಮೆಯಾಯಿತು. ಆದರೆ ಶೆಲ್‌ನ ತೂಕ 33ರಿಂದ ಸುಮಾರು 43 ಕಿಲೋಗೆ ಏರಿದೆ, ಎತ್ತುವ ತೋಳುಗಳು ಅವೇ. ಈಚೆಗೆ ನಮ್ಮ ಜಿಲ್ಲೆಯ ಒಬ್ಬ ಹುಡುಗ, ಮೀಡಿಯಂ ರೆಜಿಮೆಂಟಿಗೆ ಆಯ್ಕೆಯಾದವನು, "ಅಣ್ಣಾ, ಹೋಗುವ ಮುಂಚೆ ಏನು ಅಭ್ಯಾಸ ಮಾಡಲಿ?" ಎಂದು ಕೇಳಿದ. ದಿನಾ ಬೆಳಿಗ್ಗೆ ಐವತ್ತು ಕಿಲೋ ಸಿಮೆಂಟ್ ಚೀಲವನ್ನು ಬೆನ್ನು ಬಾಗಿಸದೆ ಮೊಣಕಾಲಿನ ಬಲದಿಂದ ಎತ್ತುವುದನ್ನು ಅವನಿಗೆ ಹೇಳಿಕೊಟ್ಟಿದ್ದೇನೆ, ಜೊತೆಗೆ ಮಗ್ಗಿಯನ್ನೂ ಮತ್ತೆ ಬಾಯಿಪಾಠ ಮಾಡು ಎಂದಿದ್ದೇನೆ.