ಕೆನಡಾ ಪಿಆರ್: ಏಜೆಂಟ್‌ಗೆ ದುಡ್ಡು ಕೊಡುವ ಮೊದಲು ಅಂಕ ನೀವೇ ಲೆಕ್ಕ ಹಾಕಿ

ಶಿರಸಿಯಲ್ಲಿ ನನ್ನ ಅಕ್ಕನ ಮಗಳು ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ, ತಯಾರಾಗುವಾಗ ನಾನೂ ಜೊತೆಗೆ ಕೂತು ಲೆಕ್ಕ ಮಾಡಿದ್ದೆ. ಒಬ್ಬ ಏಜೆಂಟ್ ಅವಳಿಗೆ, ‘67 ಅಂಕ ಆಗಿದೆ, ಪಿಆರ್ ಬಂದ ಹಾಗೇ’ ಅಂದಿದ್ದ. ಅದು ಪೂರ್ತಿ ತಪ್ಪು.

ಹೊರಗಿನಿಂದ ಅರ್ಜಿ ಹಾಕುವ ಫೆಡರಲ್ ಸ್ಕಿಲ್ಡ್ ವರ್ಕರ್ ವಿಭಾಗದಲ್ಲಿ 100ಕ್ಕೆ 67 ಅಂದರೆ ಸಾಲಿನಲ್ಲಿ ನಿಲ್ಲುವ ಅರ್ಹತೆ, ಅಷ್ಟೇ. ಪಿಯುಸಿ ಪಾಸಾದವರಿಗೆಲ್ಲ ಇಂಜಿನಿಯರಿಂಗ್ ಸೀಟು ಸಿಗುವುದಿಲ್ಲ, ಸಿಇಟಿ ರ‍್ಯಾಂಕ್ ಬೇಕು, ಅಲ್ವಾ? ಇಲ್ಲೂ ಹಾಗೆಯೇ. 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಆಯ್ಕೆ ವ್ಯವಸ್ಥೆಯಲ್ಲಿ ಎಲ್ಲರಿಗೂ 1200ಕ್ಕೆ ಸಿಆರ್‌ಎಸ್ ಅಂಕ (ರ‍್ಯಾಂಕ್ ನಿರ್ಧರಿಸುವ ಅಂಕ) ಕೊಟ್ಟು, ಆಗಾಗ ಡ್ರಾ (ಆಯ್ಕೆ ಸುತ್ತು) ಮಾಡಿ, ಮೇಲಿದ್ದವರನ್ನು ಪಿಆರ್ ಅರ್ಜಿ ಹಾಕಲು ಕರೆಯುತ್ತಾರೆ. ಕಟ್‌ಆಫ್ ಪ್ರತಿ ಸಲ ಬದಲಾಗುತ್ತದೆ.

ಮೊದಲು ಇಂಗ್ಲಿಷ್ ಹಿಡಿಯಿರಿ. ಐಇಎಲ್‌ಟಿಎಸ್ ಜನರಲ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಲಿಸನಿಂಗ್ 7.5, ಉಳಿದ ಮೂರರಲ್ಲಿ (ರೀಡಿಂಗ್, ರೈಟಿಂಗ್, ಸ್ಪೀಕಿಂಗ್) 6.5 ಬಂದರೆ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟ) 8. ಲಿಸನಿಂಗ್ 8, ಉಳಿದವು 7 ಆದರೆ ಸಿಎಲ್‌ಬಿ 9. ನಡುವೆ ಇರುವುದು ಬರೀ ಅರ್ಧರ್ಧ ಬ್ಯಾಂಡ್. ಆದರೆ ಮದುವೆಯಾಗದ, ಒಂದು ಡಿಗ್ರಿ ಮತ್ತು ಇಲ್ಲಿಯ ಮೂರು ವರ್ಷದ ಕೆಲಸ ಇರುವವರಿಗೆ 8ರಿಂದ 9ಕ್ಕೆ ಏರಿದರೆ ಸಿಆರ್‌ಎಸ್‌ನಲ್ಲಿ ಭಾಷೆಗೆ 32, ಅನುಭವದ ಜೊತೆ ಸೇರಿ 25, ಡಿಗ್ರಿ ಜೊತೆ ಸೇರಿ 12, ಒಟ್ಟು 69 ಅಂಕ ಜಾಸ್ತಿ ಸಿಗುತ್ತದೆ! ನಾಲ್ಕರಲ್ಲಿ ಒಂದು ಕಡಿಮೆಯಾದರೂ ಆ 25 ಮತ್ತು 12 ಕೈ ತಪ್ಪುತ್ತವೆ. ನಮ್ಮ ಹುಡುಗಿಗೆ ರೈಟಿಂಗ್‌ನಲ್ಲಿ 6.5 ಬಂದಿತ್ತು. ಸುಮ್ನೆ ಪ್ರೊಫೈಲ್ ಹಾಕಬೇಡ, ಇನ್ನೊಮ್ಮೆ ಬರಿ ಅಂದೆ.

ವಯಸ್ಸು ಕಾಯುವುದಿಲ್ಲ. 20ರಿಂದ 29ರವರೆಗೆ ಪೂರ್ತಿ 110 ಅಂಕ, 40ಕ್ಕೆ 50, 45ಕ್ಕೆ ಸೊನ್ನೆ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ.

ಮದುವೆಯಾಗಿದ್ದರೆ ಅಂಕಗಳ ಹಂಚಿಕೆ ಸ್ವಲ್ಪ ಬೇರೆ. ಗಂಡ ಮುಖ್ಯ ಅರ್ಜಿದಾರ ಆದರೆ ಎಷ್ಟು, ಹೆಂಡತಿ ಆದರೆ ಎಷ್ಟು, ಎರಡೂ ರೀತಿ ಲೆಕ್ಕ ಹಾಕಿ. ಪ್ರಾಂತ್ಯದ ನಾಮಿನೇಷನ್ (ಕೆನಡಾದ ಒಂದು ಪ್ರಾಂತ್ಯವೇ ನಿಮ್ಮನ್ನು ಆರಿಸುವುದು) ಸಿಕ್ಕರೆ ಒಮ್ಮೆಗೇ 600 ಅಂಕ. ಜಾಬ್ ಆಫರ್‌ಗೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದ್ದಾರೆ, ಹಾಗಾಗಿ ಆಫರ್ ಲೆಟರ್ ಕೊಡಿಸಿ ಅಂಕ ಏರಿಸುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಡಿಗ್ರಿಗೆ ಇಸಿಎ ವರದಿ ಬೇಕು, ಅಂದರೆ ನಿಮ್ಮ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಎಂದು ಹೇಳುವ ವರದಿ. ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ಧಾರವಾಡದ ವಿಶ್ವವಿದ್ಯಾಲಯದಿಂದಲೋ, ಇಂಜಿನಿಯರಿಂಗ್ ಆದರೆ ಬೆಳಗಾವಿಯ ವಿಟಿಯುದಿಂದಲೋ ಬರಬೇಕು. ಇದನ್ನು ಐಇಎಲ್‌ಟಿಎಸ್ ಓದಿನ ಜೊತೆಗೇ ಶುರು ಮಾಡಿ.

ಕರೆ ಬಂದ ಮೇಲೆ ಅರ್ಜಿ ಸಲ್ಲಿಸಲು ಸಿಗುವುದು 60 ದಿನ ಮಾತ್ರ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರು ಇದ್ದರೆ ಸಾಲದು, ಏನೇನು ಕೆಲಸ ಮಾಡಿದಿರಿ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಎಲ್ಲ ಇರಬೇಕು. ಹಳೆಯ ಕಂಪನಿಯಲ್ಲಿ ನಿಮ್ಮನ್ನು ಬಲ್ಲ ಮ್ಯಾನೇಜರ್ ಇನ್ನೂ ಇರುವಾಗಲೇ ಅದನ್ನು ಬರೆಸಿ ಇಟ್ಟುಕೊಳ್ಳಿ.