ಎರಡು ಬಾಗಿಲಲ್ಲಿ ಕಳೆದುಹೋದ ಹೆಡರ್

ಜಾಲತಾಣದ ಪುಟಗಳನ್ನು ಬಡಿಸುವ ಅಪಾಚೆ ಎಂಬ ಸರ್ವರ್ ತಂತ್ರಾಂಶದ 2.4 ಆವೃತ್ತಿ ಹೊರಬಂದದ್ದು 2012ರಲ್ಲಿ. ನನ್ನ ಗಿರಾಕಿಯೊಬ್ಬರ ತಾಣ ಮಾತ್ರ ಅದಾಗಿ ಎಷ್ಟೋ ವರ್ಷ 2.2ರಲ್ಲೇ ಹಾಯಾಗಿ ಮಲಗಿತ್ತು. ಅದನ್ನು 2.4ಕ್ಕೆ ದಾಟಿಸಿ, ಬೇಡಿಕೆಗಳನ್ನು ಮೊದಲು ಪಡೆದು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರನ್ನು ಅದರ ಮುಂದೆ ಕೂರಿಸಲು ಎರಡು ದಿನ ಸಾಕೆಂದುಕೊಂಡು ದರ ಹೇಳಿದೆ. ಹಿಡಿದದ್ದು ಹೆಚ್ಚುಕಡಿಮೆ ಮೂರು ವಾರ. ಹಳೆಯದಕ್ಕೇ ಮರಳು, ಇಲ್ಲವೇ ಕೋಡನ್ನೆಲ್ಲ ಹೊಸದಾಗಿ ಬರೆ ಎಂದರು ಜೊತೆಯವರು. ಎರಡನ್ನೂ ಮಾಡದೆ ಗೆದ್ದೆ; ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟದ್ದು ಲಾಗಿನ್. ಹೆಡರ್ (ಪುಟ ಅಥವಾ ಬೇಡಿಕೆಯ ತಲೆಯಲ್ಲಿ ಹೋಗುವ ಮಾಹಿತಿ ಸಾಲು) ಆಗಲೇ ಹೋಗಿದೆ ಎಂಬ ಹಳೆಯ ಗೊಣಗಾಟ. ತಾಣದ ಕೋಡ್ ಇದ್ದದ್ದು ಪಿಎಚ್‌ಪಿ ಭಾಷೆಯಲ್ಲಿ. ಹಳೆಯ ಯಂತ್ರದ ಪಿಎಚ್‌ಪಿ ಸೆಟ್ಟಿಂಗ್ ಕಡತದಲ್ಲಿ ಔಟ್‌ಪುಟ್ ಬಫರಿಂಗ್, ಅಂದರೆ ಕಳುಹಿಸುವ ಮುನ್ನ ಕೂಡಿಟ್ಟುಕೊಳ್ಳುವ ಮಿತಿ, 4096 ಬೈಟ್ ಇತ್ತು. ಹೊಸದರಲ್ಲಿ ಆ ಕಡತವೇ ಇರಲಿಲ್ಲ, ಹಾಗಾಗಿ ಸೊನ್ನೆ. ಒಂದು ಕೋಡ್ ಕಡತದ ತಲೆಯಲ್ಲಿ ಕೂತಿದ್ದ ಬಿಒಎಂ ಎಂಬ ಕಣ್ಣಿಗೆ ಕಾಣದ ಗುರುತಿನ ಮೂರು ಬೈಟ್‌ಗಳನ್ನು ಇಷ್ಟು ಕಾಲ ಆ ಬಫರ್ ಮುಚ್ಚಿಟ್ಟಿತ್ತು. ನಾನೂ ಮತ್ತೆ 4096 ಹಾಕಿ ಸುಮ್ಮನಾದೆ. ಮರುದಿನ ನಾಚಿಕೆಯಾಗಿ ಬಿಒಎಂ ಕಿತ್ತೆ.

ನಿಜವಾಗಿ ನಿದ್ದೆ ಕೆಡಿಸಿದ್ದು ಟೋಕನ್ ಹೆಡರ್, ಅಂದರೆ ಬೇಡಿಕೆಯ ಜೊತೆ ಗುರುತಿನ ಚೀಟಿಯಂಥ ಟೋಕನ್ ಹೊತ್ತು ಬರುವ ಸಾಲು. ಅದರ ಹೆಸರಿನಲ್ಲಿ ಅಂಡರ್‌ಸ್ಕೋರ್ ಇತ್ತು. ಎಂಜಿನ್‌ಎಕ್ಸ್ ಇಂಥದ್ದನ್ನು ತಾನಾಗಿಯೇ ಎಸೆಯುತ್ತದೆ, ಲಾಗ್ ಮಟ್ಟವನ್ನು ಇನ್ಫೋಗೆ ಇಳಿಸದಿದ್ದರೆ ಉಸಿರೂ ಎತ್ತುವುದಿಲ್ಲ. ಇಂಥದ್ದನ್ನು ಒಳಬಿಡುವ 'ಅಂಡರ್‌ಸ್ಕೋರ್ಸ್ ಇನ್ ಹೆಡರ್ಸ್' ಸೆಟ್ಟಿಂಗ್ ಆನ್ ಮಾಡಿದೆ. ಟೋಕನ್ ಆಗಲೂ ಇಲ್ಲ! ನಾಲ್ಕು ದಿನ ಎಂಜಿನ್‌ಎಕ್ಸನ್ನೇ ಬೈದೆ. ಆಮೇಲೆ ತಿಳಿಯಿತು: ಅಪಾಚೆ 2.2 ಒಳಗೆ ಬಿಡುತ್ತಿದ್ದುದನ್ನು 2.4 ಕೂಡ ಸದ್ದಿಲ್ಲದೆ ಬಿಸಾಡುತ್ತದೆ. ಅಪಾಚೆಯ ಸೆಟ್‌ಎನ್ವಿಫ್‌ನೋಕೇಸ್ ಆದೇಶದ ಮಾದರಿಯಲ್ಲಿ ಅಂಡರ್‌ಸ್ಕೋರ್ ಇರುವಲ್ಲಿ ಚುಕ್ಕಿ (ಅಲ್ಲಿ ಅದು ಯಾವುದೇ ಒಂದು ಅಕ್ಷರಕ್ಕೆ ಹೊಂದುತ್ತದೆ) ಇಟ್ಟು ಹೆಡರ್‌ನ ಮೌಲ್ಯವನ್ನು ಹಿಡಿದೆ, ರಿಕ್ವೆಸ್ಟ್‌ಹೆಡರ್ ಆದೇಶದ ಮೂಲಕ ಹೈಫನ್ ಹೆಸರಿನಲ್ಲಿ ಮತ್ತೆ ಕಟ್ಟಿದೆ. ಎರಡೇ ಸಾಲು.

ಉಳಿದದ್ದು ವರದಿ ಪುಟ. ಒಂದೊಂದೇ ಸಾಲು ಮೂಡಬೇಕಾದದ್ದು ಸುಮಾರು ನಲವತ್ತು ಸೆಕೆಂಡ್ ಬಿಳಿಯಾಗಿದ್ದು, ಕೊನೆಗೆ ಒಮ್ಮೆಲೇ ಸುರಿಯುತ್ತಿತ್ತು. ಯಂತ್ರ ನಿಧಾನವೆಂದು ಭಾವಿಸಿ ದೊಡ್ಡ ಸರ್ವರ್ ತೆಗೆದುಕೊಂಡೆ. ಒಂದು ತಿಂಗಳು ದುಪ್ಪಟ್ಟು ಬಾಡಿಗೆ, ಅದೂ ನನ್ನ ಜೇಬಿನಿಂದ. ಫಲ ಶೂನ್ಯ. ಪ್ರತಿ ಸಾಲಿಗೂ ನಾಲ್ಕೈದು ಸಾವಿರ ಖಾಲಿ ಜಾಗ ತುಂಬಿ ಫ್ಲಶ್ ಮಾಡಿದೆ, ಅಂದರೆ ಕೂಡಿಟ್ಟದ್ದನ್ನು ಕೂಡಲೇ ಹೊರತಳ್ಳಿದೆ. ಅಷ್ಟನ್ನೂ ಅಪಾಚೆಯ ಸಂಕೋಚನ ಘಟಕ ಮಾಡ್‌ಡಿಫ್ಲೇಟ್ ಹಿಂಡಿ ಚಿಟಿಕೆಯಷ್ಟಾಗಿಸಿತು, ಎಂಜಿನ್‌ಎಕ್ಸ್ ಬಫರ್ ತುಂಬಲೇ ಇಲ್ಲ. ಹಟಕ್ಕೆ ಬಿದ್ದು ಖಾಲಿ ಜಾಗದ ಬದಲು ಅಡ್ಡಾದಿಡ್ಡಿ ಅಕ್ಷರ ತುಂಬಿ ನೋಡಿದೆ. ಬಂತು, ಆದರೆ ಬಿಕ್ಕಳಿಸುತ್ತಾ. ಕೆಲಸಕ್ಕೆ ಬಾರದ ಪ್ರಯೋಗ. ತಡೆ ಯಾವ ಬಾಗಿಲಲ್ಲಿದೆ ಎಂಬುದನ್ನು ಮಾತ್ರ ತೋರಿಸಿತು.

ಕೊನೆಗೆ ಆ ಪುಟಕ್ಕಷ್ಟೇ ಹಿಂಡುವುದನ್ನು ತಡೆಯುವ ನೋ-ಜಿಜಿಪ್ ಹಾಕಿ, ಕೂಡಿಡಬೇಡ ಎಂದು ಎಂಜಿನ್‌ಎಕ್ಸ್‌ಗೆ ಹೇಳುವ 'ಎಕ್ಸ್-ಆಕ್ಸೆಲ್-ಬಫರಿಂಗ್: ನೋ' ಹೆಡರನ್ನು ಪಿಎಚ್‌ಪಿಯಿಂದ ಕಳುಹಿಸಿ, ಮೊದಲು ಓಬಿ-ಫ್ಲಶ್ (ಪಿಎಚ್‌ಪಿಯ ಬಫರ್ ಖಾಲಿ ಮಾಡಲು), ಆಮೇಲೆ ಫ್ಲಶ್ (ಸರ್ವರ್‌ನತ್ತ ತಳ್ಳಲು) ಎಂಬ ಕ್ರಮ ಇಟ್ಟೆ. ಇಡೀ ತಾಣಕ್ಕೆ ಎಂಜಿನ್‌ಎಕ್ಸ್ ಕೂಡಿಡುವ ಪ್ರಾಕ್ಸಿ ಬಫರಿಂಗನ್ನೇ ಆರಿಸುವ ಗೋಜಿಗೆ ಹೋಗಲಿಲ್ಲ. ಯಾವ ಹಂತ ಎಷ್ಟು ಹೊತ್ತು ತಡೆಹಿಡಿಯುತ್ತದೆ ಎಂದು ಅಳೆಯಲು ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಂಡಿದ್ದೇನೆ. ಅದನ್ನು ಕೇಳಬೇಡಿ, ನನ್ನ ಅನ್ನ ಅದರಲ್ಲಿದೆ. ದೊಡ್ಡ ಸರ್ವರನ್ನು ಮಾರನೆಯ ತಿಂಗಳೇ ಹಿಂತಿರುಗಿಸಿದೆ.