ಶಿಕ್ಕಾ ಬಿದ್ದ ನೋಟು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಶಿಕ್ಕಾ, ಅಂದರೆ ಮಸಿಯ ಮುದ್ರೆ, ಬಿದ್ದ ನೋಟು ಗಲ್ಲಾಕ್ಕೆ ಬಂದರೆ ಬೇರೆ ತೆಗೆದಿಡುವುದು ನನ್ನ ಹಳೇ ರೂಢಿ.

ಶುರುವಾದದ್ದು ಅಜ್ಜನ ಟ್ರಂಕಿನಿಂದ. ಆರನೇ ಜಾರ್ಜ್ ಚಿತ್ರದ ಹತ್ತು ರೂಪಾಯಿ ನೋಟು, ಹಿಂದೆ ನೇರಳೆ ಬಣ್ಣದ ಗುಂಡನೆಯ ಶಿಕ್ಕಾ. ಹೊಲಸು ಅಂದುಕೊಂಡು ಒದ್ದೆ ಹತ್ತಿಯಲ್ಲಿ ಒರೆಸಿದೆ. ಮಸಿ ಹರಡಿ ಅಕ್ಷರವೆಲ್ಲ ಅಳಿಸಿಹೋಯಿತು. ಯಾವ ಊರಿನ ಯಾವ ಪೇಟೆಯದ್ದೋ, ಇನ್ನು ಗೊತ್ತಾಗುವುದಿಲ್ಲ. ಆ ಸಂಕಟ ಇವತ್ತಿಗೂ ಇದೆ. ಅಂದಿನಿಂದ ನೋಟಿಗೆ ನೀರೂ ಮುಟ್ಟಿಸಿಲ್ಲ, ರಬ್ಬರೂ ಮುಟ್ಟಿಸಿಲ್ಲ.

ನಾನು ಮೊದಲು ನೋಡುವುದು ಮಡಿಕೆ. ನೋಟು ಹೊಸದಿದ್ದಾಗ ಶಿಕ್ಕಾ ಬಿದ್ದಿದ್ದರೆ, ಮಡಿಕೆ ಸವೆದಲ್ಲಿ ಮಸಿಯೂ ಸವೆದು ಬಿಳಿ ಗೆರೆ ಕಾಣುತ್ತದೆ. ಸವೆದ ಮೇಲೆ ಒತ್ತಿದ್ದರೆ ಮಸಿ ಮಡಿಕೆಯ ಎಳೆಗಳೊಳಗೆ ಇಳಿದು ಅಕ್ಕಪಕ್ಕ ಹರಡಿರುತ್ತದೆ. ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಸಾಕು.

ಇದು ನನ್ನ ದುಡ್ಡು ಉಳಿಸಿದೆ. ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಸ್ವಂತ ನೋಟು ಇರಲಿಲ್ಲ. ನಮ್ಮ ರಿಸರ್ವ್ ಬ್ಯಾಂಕಿನ ನೋಟಿನ ಮೇಲೇ ಇಂಗ್ಲಿಷ್, ಉರ್ದುವಿನಲ್ಲಿ ಪಾಕಿಸ್ತಾನ ಸರ್ಕಾರ ಎಂದು ಅಚ್ಚು ಹಾಕಿ 1948ರಲ್ಲಿ ಚಲಾವಣೆಗೆ ಬಿಟ್ಟರು. ಅದು ನಾಸಿಕದ ಪ್ರೆಸ್ಸಿನ ಕೆಲಸ, ಕೈಯಲ್ಲಿ ಒತ್ತಿದ್ದಲ್ಲ. ಒಬ್ಬರು ಅಂಥ ನೋಟು ತಂದು ಜಾಸ್ತಿ ಬೆಲೆ ಹೇಳಿದರು. ಅಕ್ಷರದ ಅಂಚಿನಲ್ಲಿ ಮಸಿ ದಪ್ಪಗೆ, ನಡುವೆ ತೆಳ್ಳಗೆ. ರಬ್ಬರ್ ಶಿಕ್ಕಾ ಒತ್ತಿದರೆ ಹಾಗೇ ಆಗುವುದು, ಅಲ್ವಾ? ವಾಪಸ್ ಕೊಟ್ಟೆ.

ದುಬೈಯಿಂದ ಬಂದ ಪಕ್ಕದ ಮನೆಯ ಹುಡುಗ ತೋರಿಸಿದ ನೂರು ಡಾಲರ್ ನೋಟಿನಲ್ಲಿ ಸಾಸಿವೆಯಷ್ಟು ಚುಕ್ಕೆ ಇತ್ತು. ಕಣ್ಣಿಗೆ ಹತ್ತಿರ ಹಿಡಿದಾಗ ನಕ್ಷತ್ರ! ಏಷ್ಯಾ, ಆಫ್ರಿಕಾ ಕಡೆ ಹಣ ಬದಲಿಸುವವರು ನೋಟು ಖರೆ ಎಂದು ಪರೀಕ್ಷಿಸಿ ಒತ್ತುವ ಗುರುತು ಅದು. ಹಿಂದೆ ಚೀನಾದ ವ್ಯಾಪಾರಿಗಳು ಬೆಳ್ಳಿ ಡಾಲರಿಗೂ ಹೀಗೇ ಗುರುತು ಹೊಡೆಯುತ್ತಿದ್ದರು. ಇಂಗ್ಲಿಷಿನವರು ಅದಕ್ಕೆ ಚಾಪ್ ಅನ್ನುತ್ತಾರೆ. ಹಿಂದಿಯ ಛಾಪ್‌ನಿಂದ ಹೋದ ಮಾತು. ನನಗೆ ಬಹಳ ಖುಷಿಯಾಯಿತು.

ಈಗಿನ ನೋಟಿನ ಮೇಲೆ ಮಾತ್ರ ಸುಮ್ನೆ ಏನೂ ಒತ್ತಬೇಡಿ, ಬರೆಯಬೇಡಿ. ರಾಜಕೀಯ ಘೋಷಣೆ ಇದ್ದರೆ ಬ್ಯಾಂಕಿನವರು ಬದಲಿಸಿಯೂ ಕೊಡುವುದಿಲ್ಲ.

ಹೋದ ವಾರ ಹುಲಿ ಚಿತ್ರದ ಎರಡು ರೂಪಾಯಿ ನೋಟೊಂದು ಸಿಕ್ಕಿತು. ಯಾವುದೋ ಸೊಸೈಟಿಯ ಶಿಕ್ಕಾ, ಪೂರಾ ಮಾಸಿದೆ. ರಾತ್ರಿ ಅಂಗಡಿ ಮುಚ್ಚಿ ಪಕ್ಕದಿಂದ ಟಾರ್ಚ್ ಬಿಟ್ಟೆ. ‘ಗದ’ ಎಂಬ ಎರಡು ಅಕ್ಷರ ಕಂಡವು. ಮೂರನೆಯದು ಮಡಿಕೆಯಲ್ಲಿ ಹೋಗಿದೆ.